ಅಮೆರಿಕದ ಎಂಎಸ್ ಅರ್ಜಿಗೆ ಶಿಫಾರಸು ಪತ್ರ: ಯಾರನ್ನು, ಯಾವಾಗ, ಹೇಗೆ ಕೇಳಬೇಕು

ಬಹುತೇಕ ವಿಶ್ವವಿದ್ಯಾಲಯಗಳು ಮೂರು ಪತ್ರ ಕೇಳುತ್ತವೆ. ಪ್ರಿನ್ಸಿಪಾಲರ ಸಹಿಯಿದ್ದರೆ ತೂಕ ಹೆಚ್ಚು ಎಂಬ ನಂಬಿಕೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಲವಾಗಿದೆ. ಅದನ್ನು ಬಿಟ್ಟುಬಿಡಿ. ನಿಮ್ಮ ಪ್ರಾಜೆಕ್ಟ್ ಎಲ್ಲಿ ಕೆಟ್ಟು ನಿಂತಿತ್ತು, ನೀವು ಅದನ್ನು ಹೇಗೆ ಸರಿಪಡಿಸಿದಿರಿ ಎಂದು ಬರೆಯಬಲ್ಲ ಪ್ರಾಜೆಕ್ಟ್ ಗೈಡ್‌ನ ಪತ್ರವೇ ಮೇಲು. 'ಶ್ರಮಜೀವಿ, ಪ್ರಾಮಾಣಿಕ' ಎಂಬ ಮಾತು ಯಾರಿಗೆ ಬೇಕಾದರೂ ಹೊಂದುತ್ತದೆ.

ಡಿಸೆಂಬರ್ ಗಡುವಿದ್ದರೆ ಅಕ್ಟೋಬರ್ ಮೊದಲ ವಾರದಲ್ಲೇ ಕೇಳಿ. ಜೊತೆಗೆ ಒಂದು ಪುಟದ ಟಿಪ್ಪಣಿ ಕೊಡಿ: ಅವರು ಕಲಿಸಿದ ವಿಷಯ, ಸೆಮಿಸ್ಟರ್, ಅಂಕ, ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲು, ವಿಶ್ವವಿದ್ಯಾಲಯಗಳ ಗಡುವು. 'ನೀನೇ ಬರೆದು ತಾ, ಸಹಿ ಹಾಕ್ತೀನಿ' ಅಂದರೆ ಒಪ್ಪಬೇಡಿ. ಈ ಟಿಪ್ಪಣಿಯನ್ನೇ ಮುಂದಿಡಿ. ಮೂರೂ ಪತ್ರಗಳಲ್ಲಿ ಒಂದೇ ಕೈಯ ಶೈಲಿ ಕಂಡರೆ ಅರ್ಜಿಯೇ ತಿರಸ್ಕೃತವಾಗಬಹುದು.

ಪತ್ರವನ್ನು ಸಾಮಾನ್ಯವಾಗಿ ಅಧ್ಯಾಪಕರೇ ಆನ್‌ಲೈನ್‌ನಲ್ಲಿ ಹಾಕಬೇಕು. ಅರ್ಜಿಯಲ್ಲಿ ಅವರ ಕಾಲೇಜಿನ ಅಧಿಕೃತ ಇಮೇಲ್ ಕೊಡಿ. ಜಿಮೇಲ್ ವಿಳಾಸ ಕೊಟ್ಟರೆ ಕೆಲವೆಡೆ ಅನುಮಾನ ಬರುತ್ತದೆ. ಪತ್ರ ಹಾಕಲು ಆ ಇಮೇಲ್‌ಗೆ ಬರುವ ಲಿಂಕ್ ಸ್ಪ್ಯಾಮ್‌ಗೆ ಹೋಗುವುದು ಮಾಮೂಲಿ, ಕಳಿಸಿದ ದಿನವೇ ಅಧ್ಯಾಪಕರನ್ನು ವಿಚಾರಿಸಿ. ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯಲ್ಲಿ ಕೇಳುವ ಪ್ರಶ್ನೆ, ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕುರಿತ ಅಮೆರಿಕದ 1974ರ ಫೆರ್ಪಾ ಕಾಯ್ದೆಯಿಂದ ಬಂದದ್ದು. 'ಹೌದು' ಎನ್ನಿ, ಗುಟ್ಟಾಗಿ ಬರೆದ ಪತ್ರವನ್ನು ಹೆಚ್ಚು ನಂಬುತ್ತಾರೆ. ಗಡುವಿಗೆ ಎರಡು ವಾರ ಮೊದಲು ಒಮ್ಮೆ, ಮೂರು ದಿನ ಮೊದಲು ಮತ್ತೊಮ್ಮೆ ವಿನಯದಿಂದ ನೆನಪಿಸಿ.