ಅಡ್ಡ ಪೈಪಿನ ಜಾಗ

ನನ್ನ 1972ರ ಷೆವ್ರೊಲೆ ಸಿ10 ಪಿಕಪ್‌ಗೆ ಎರಡು ಸಾಲಿನ ಎಕ್ಸಾಸ್ಟ್, ಅಂದರೆ ಹೊಗೆ ಹೊರಹಾಕುವ ಪೈಪುಗಳು, ಕಟ್ಟಿ ಮುಗಿಸಿದ್ದೇನೆ. ಎಂಜಿನ್‌ನಿಂದ ಹಿಂದಿನ ಚಕ್ರದ ಆಚೆವರೆಗೆ ಪ್ರತಿ ಪೈಪನ್ನೂ ನಾನೇ ಕತ್ತರಿಸಿ, ನಾನೇ ವೆಲ್ಡ್ ಮಾಡಿದ್ದು. ಅಮೆರಿಕದ ಮಿಶಿಗನ್‌ನ ನಮ್ಮ ಮನೆಯ ಗ್ಯಾರೇಜ್‌ನಲ್ಲಿ, ಗಾಡಿಯ ಕೆಳಗೆ ಮಲಗಿಕೊಂಡು. ರೆಡಿಮೇಡ್ ಕಿಟ್ ಸಿಗುತ್ತದೆ, ಬೋಲ್ಟ್ ಹಾಕಿದರೆ ಆಯ್ತು. ಆದರೆ ಎರಡು ಪೈಪುಗಳನ್ನು ಸೇರಿಸುವ ಅಡ್ಡ ಪೈಪ್ ಎಲ್ಲಿರಬೇಕು ಅನ್ನೋದನ್ನು ಕಿಟ್ ಮಾಡಿದವರು ಮೊದಲೇ ನಿರ್ಧರಿಸಿರುತ್ತಾರೆ. ನನಗೆ ಆ ಜಾಗವನ್ನು ನಾನೇ ನಿರ್ಧರಿಸಬೇಕಿತ್ತು.

ಅಪ್ಪ ದಾವಣಗೆರೆಯಲ್ಲಿ ಲಾರಿ ಇಟ್ಟಿದ್ದವರು. ಫೋನಿನಲ್ಲಿ ಕೇಳಿದರು: "ಅಲ್ಲಪ್ಪಾ, ಒಂದು ಸೈಲೆನ್ಸರ್ ಇತ್ತಲ್ಲ, ಇನ್ನೊಂದು ಯಾಕೆ?" ನ್ಯಾಯವಾದ ಪ್ರಶ್ನೆ. ಅವರ ಟಾಟಾ ಲಾರಿಯಲ್ಲಿ ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿದ್ದವು. ಹೊಗೆ ಒಂದೇ ಕಡೆಯಿಂದ ಹೊರಗೆ ಬರುತ್ತಿತ್ತು. ನನ್ನ ಗಾಡಿಯ 350 ಎಂಜಿನ್ ವಿ8. 350 ಅಂದರೆ ಕ್ಯೂಬಿಕ್ ಇಂಚು, ನಮ್ಮ ಲೆಕ್ಕದಲ್ಲಿ 5.7 ಲೀಟರ್. ನಾಲ್ಕು ಸಿಲಿಂಡರ್ ಎಡಕ್ಕೆ, ನಾಲ್ಕು ಬಲಕ್ಕೆ. ಹಳೇ ಒಂಟಿ ಎಕ್ಸಾಸ್ಟ್‌ನಲ್ಲಿ ಎರಡೂ ಕಡೆಯ ಹೊಗೆ ಎಂಜಿನ್ ಕೆಳಗೆ ಸೇರಿ, ಒಂದೇ ಪೈಪಿನಲ್ಲಿ ತೂರಿಕೊಂಡು ಹೋಗಬೇಕಿತ್ತು. ಎರಡು ಪೈಪ್ ಕೊಟ್ಟರೆ ಉಸಿರಾಟ ಸಲೀಸು. ಅಪ್ಪನಿಗೆ ಇಷ್ಟು ಸಾಕಾಯಿತು. ನನಗೆ ಮಾತ್ರ ಇಲ್ಲಿಂದ ಮುಂದಿನದೇ ರುಚಿ.

ಈ ಎಂಜಿನ್‌ನ ಸಿಲಿಂಡರ್‌ಗಳು ಒಂದಾದಮೇಲೊಂದು ಉರಿಯುವ ಕ್ರಮ 1-8-4-3-6-5-7-2. ಬೆಸ ಸಂಖ್ಯೆಗಳೆಲ್ಲ ಎಡಗಡೆ, ಸಮ ಸಂಖ್ಯೆಗಳೆಲ್ಲ ಬಲಗಡೆ. ಒಮ್ಮೆ ನಿಧಾನಕ್ಕೆ ಓದಿ ನೋಡಿ. 8 ಮತ್ತು 4 ಬೆನ್ನುಬೆನ್ನಿಗೆ ಬರುತ್ತವೆ, ಎರಡೂ ಬಲಗಡೆಯವು. ಆಮೇಲೆ 5 ಮತ್ತು 7, ಎರಡೂ ಎಡಗಡೆಯವು. ಇಡೀ ಎಂಜಿನ್ ತೆಗೆದುಕೊಂಡರೆ ಕ್ರ್ಯಾಂಕ್ (ಎಂಜಿನ್ ತಿರುಗಿಸುವ ದಂಡ) 90 ಡಿಗ್ರಿ ತಿರುಗಿದಾಗೆಲ್ಲ ಒಂದು ಸಿಲಿಂಡರ್ ಉರಿಯುತ್ತದೆ, ಸಮವಾಗಿ. ಆದರೆ ಒಂದೇ ಕಡೆಯ ಪೈಪಿಗೆ ಕಿವಿಗೊಟ್ಟರೆ ಲಯ ಸಮವಿಲ್ಲ. ಒಮ್ಮೆ 90 ಡಿಗ್ರಿ ಅಂತರ, ಒಮ್ಮೆ 180, ಒಮ್ಮೆ 270. ಅಮೆರಿಕದ ವಿ8ಗಳ ಆ ಗುಡುಗುಡು ದನಿ ಹುಟ್ಟುವುದೇ ಈ ಎಡವಟ್ಟು ಲಯದಿಂದ.

ಎರಡು ಪೈಪುಗಳನ್ನು ಒಂದಕ್ಕೊಂದು ಸಂಬಂಧವಿಲ್ಲದೆ ಹಿಂದಕ್ಕೆ ಒಯ್ದರೆ, ಬೆನ್ನುಬೆನ್ನಿಗೆ ಬರುವ ಹೊಗೆಯ ಎರಡು ಹೊಡೆತಗಳೂ ಅದೇ ಪೈಪಿನಲ್ಲಿ ಇಕ್ಕಟ್ಟಾಗುತ್ತವೆ. ಪಕ್ಕದ ಪೈಪ್ ಆ ಹೊತ್ತಿಗೆ ಸುಮ್ನೆ ಇರುತ್ತದೆ. ನಡುವೆ ಒಂದು ಅಡ್ಡ ಪೈಪ್ ಇದ್ದರೆ ಒತ್ತಡ ಆಚೆ ಕಡೆಗೂ ಹಂಚಿಕೊಳ್ಳುತ್ತದೆ. ಅದಕ್ಕೇ ಎಚ್ ಪೈಪ್ ಅನ್ನುತ್ತಾರೆ. ಎಕ್ಸ್ ಪೈಪ್ ಅಂತ ಇನ್ನೊಂದಿದೆ. ಅದರಲ್ಲಿ ಎರಡೂ ಪೈಪ್ ಒಂದನ್ನೊಂದು ಮುಟ್ಟಿಕೊಂಡೇ ಹಾಯುತ್ತವೆ, ದನಿ ಸಪೂರವಾಗಿ ಮೇಲಕ್ಕೇರುತ್ತದೆ. ರೇಸ್ ಗಾಡಿಗೆ ಚೆನ್ನ. ಐವತ್ತು ವರ್ಷ ದಾಟಿದ ಪಿಕಪ್‌ಗೆ ನನಗೆ ತಗ್ಗಿನ ದನಿಯೇ ಬೇಕು, ಹಾಗಾಗಿ ಎಚ್.

ಇನ್ನು ಅದರ ಜಾಗ. ಇಲ್ಲಿನ ಹಳೇ ಕೈಗಳು ಮಾಡುವ ಒಂದು ಉಪಾಯ ಇದೆ. ಅಡ್ಡ ಪೈಪ್ ಹಾಕುವ ಮೊದಲು ಎರಡೂ ಉದ್ದನೆಯ ಪೈಪುಗಳಿಗೆ ಮಾಮೂಲಿ ಸ್ಪ್ರೇ ಪೇಂಟ್ ಹೊಡೆಯಬೇಕು. ಗಾಡಿಯನ್ನು ಬಯಲಿಗೆ ತಂದು ಎಂಜಿನ್ ಓಡಿಸಬೇಕು. ಪೇಂಟ್ ಮುಂದಿನಿಂದ ಸುಡುತ್ತಾ ಬಂದು ಒಂದು ಕಡೆ ನಿಲ್ಲುತ್ತದೆ. ಆ ಗೆರೆಯ ಹತ್ತಿರ ಅಡ್ಡ ಪೈಪ್. ನನ್ನ ಗಾಡಿಯಲ್ಲಿ ಅದು ಗೇರ್‌ಬಾಕ್ಸ್ ಹೊತ್ತ ಅಡ್ಡ ಪಟ್ಟಿ, ಕ್ರಾಸ್‌ಮೆಂಬರ್‌ಗಿಂತ ಸ್ವಲ್ಪ ಹಿಂದೆ ಬಂತು. ಅಲ್ಲಿ ವೆಲ್ಡ್ ಮಾಡಿ ಕೂರಿಸಿಬಿಟ್ಟರೆ ಮುಂದೆ ಗೇರ್‌ಬಾಕ್ಸ್ ಇಳಿಸುವವರಿಗೆ ಕಷ್ಟ. ಅದಕ್ಕೆ ಎಚ್‌ನ ಭಾಗ ಪೂರ್ತಿ ಕಳಚುವ ಹಾಗೆ ಕ್ಲಾಂಪ್ ಹಾಕಿದ್ದೇನೆ.

ಪೈಪ್ 2.25 ಇಂಚಿನದು. ದಪ್ಪ ಪೈಪ್ ಹಾಕಿದರೆ ಪವರ್ ಜಾಸ್ತಿ ಅನ್ನೋದು ಎಲ್ಲ ಎಂಜಿನ್‌ಗೂ ನಿಜವಲ್ಲ. 2.25 ಇಂಚಿನ ಎರಡು ಪೈಪ್ ಸೇರಿದರೆ ಸುಮಾರು 3.2 ಇಂಚಿನ ಒಂದು ಪೈಪಿನಷ್ಟು ದಾರಿ ಆಗುತ್ತದೆ. ಬದಲಾವಣೆ ಏನೂ ಮಾಡದ 350ಗೆ ಅದು ಧಾರಾಳ. ಮ್ಯಾಂಡ್ರೆಲ್ ಬೆಂಡ್‌ಗಳನ್ನೇ ತಗೊಳ್ಳಿ. ಅವುಗಳನ್ನು ಬಗ್ಗಿಸುವಾಗ ಪೈಪಿನ ಒಳಗೆ ಆಧಾರ ಕೊಟ್ಟಿರುತ್ತಾರೆ, ತಿರುವಿನಲ್ಲೂ ಪೈಪ್ ಚಪ್ಪಟೆಯಾಗುವುದಿಲ್ಲ. ಯು ಆಕಾರದ ಒಂದು ಬೆಂಡ್ ತಂದರೆ ಅದನ್ನೇ ತುಂಡು ಮಾಡಿ ಬೇಕಾದ ಕೋನಗಳೆಲ್ಲ ಪಡೆಯಬಹುದು. ಲೋಹ ಅಲ್ಯೂಮಿನೈಸ್ಡ್ ಸ್ಟೀಲ್, ಅಂದರೆ ಅಲ್ಯೂಮಿನಿಯಂ ಲೇಪನ ಇರುವ ಉಕ್ಕು. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಸುರಿಯುತ್ತಾರೆ, ಬರೀ ಕಬ್ಬಿಣ ಬೇಗ ತಿಂದುಹೋಗುತ್ತದೆ. ವೆಲ್ಡ್ ಮಾಡುವ ಅಂಚಿನಲ್ಲಿ ಆ ಲೇಪನವನ್ನು ಗ್ರೈಂಡರ್‌ನಿಂದ ತೆಗೆಯಲೇಬೇಕು. ಬ್ಯಾಟರಿ ಕಳಚಿಡಬೇಕು. ಸತು ಲೇಪಿಸಿದ ಗ್ಯಾಲ್ವನೈಸ್ಡ್ ಪೈಪಿನ ತಂಟೆಗೇ ಹೋಗಬೇಡಿ, ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ.

ಕೆಲಸ ನಿಜವಾಗಿ ಬಿಗಿಯಾಗುವುದು ಹಿಂದಿನ ಆಕ್ಸಲ್ ಹತ್ತಿರ. ನನ್ನ ಸಿ10ರ ಹಿಂಭಾಗದಲ್ಲಿ ಪಟ್ಟಿ ಸ್ಪ್ರಿಂಗ್ ಇಲ್ಲ, ಕಾಯಿಲ್ ಸ್ಪ್ರಿಂಗ್. ಅವನ್ನು ಹೊತ್ತು ಮುಂದಕ್ಕೆ ಚಾಚಿರುವ ಎರಡು ಉದ್ದ ತೋಳುಗಳು, ಜೊತೆಗೆ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡ ಸರಳು, ಪ್ಯಾನ್‌ಹಾರ್ಡ್ ರಾಡ್. ಪೈಪ್ ಇವುಗಳ ಮಧ್ಯೆ ನುಸುಳಿ ಆಕ್ಸಲ್ ಮೇಲಿಂದ ಹಾಯಬೇಕು. ಗಾಡಿಯನ್ನು ಚಾಸಿಗೆ ಜಾಕ್ ಕೊಟ್ಟು ಎತ್ತಿದರೆ ಆಕ್ಸಲ್ ಕೆಳಕ್ಕೆ ಜೋತುಬಿದ್ದು ಬೇಕಾದಷ್ಟು ಜಾಗ ಕಾಣಿಸುತ್ತದೆ. ಆ ಜಾಗವನ್ನು ನಂಬಬಾರದು. ಸ್ಟ್ಯಾಂಡ್‌ಗಳನ್ನು ಆಕ್ಸಲ್ ಕೆಳಗೇ ಇಟ್ಟು, ಗಾಡಿಯ ಭಾರ ಸ್ಪ್ರಿಂಗ್ ಮೇಲೆ ಕೂತಿರುವಾಗ ಅಳತೆ ತೆಗೆಯಬೇಕು. ಹಳ್ಳಕ್ಕೆ ಇಳಿದಾಗ ಆಕ್ಸಲ್ ಮೇಲಕ್ಕೆ ಎಷ್ಟು ಬರುತ್ತದೋ ಅಷ್ಟು ಬಿಡುವು ಇಟ್ಟುಕೊಂಡೇ ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡ್) ಹಾಕಬೇಕು. ಪೂರ್ತಿ ವೆಲ್ಡ್ ಮಾಡುವುದು ಎಲ್ಲ ಹೊಂದಿಸಿ ಆದಮೇಲೆ. ಬ್ರೇಕ್ ಲೈನ್‌ನಿಂದಲೂ ದೂರವಿರಬೇಕು. ಈ ಮಾಡೆಲ್‌ನಲ್ಲಿ ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ ಒಳಗೆ, ಸೀಟಿನ ಹಿಂದೆ ಇದೆ. ಹಾಗಾಗಿ ಕೆಳಗೆ ಟ್ಯಾಂಕ್ ಬಿಸಿಯಾಗುವ ಚಿಂತೆ ಇರಲಿಲ್ಲ. 1973ರಿಂದ ಬಂದ ಗಾಡಿಗಳಲ್ಲಿ ಟ್ಯಾಂಕ್ ಚಾಸಿಯ ಪಕ್ಕಕ್ಕೆ ಹೋಯಿತು, ಅಂಥವಕ್ಕೆ ಹೀಟ್ ಶೀಲ್ಡ್ ಬೇಕು.

ಮಫ್ಲರ್, ಅಂದರೆ ಅಪ್ಪ ಹೇಳಿದ ಸೈಲೆನ್ಸರ್, ಅದರ ಬಗ್ಗೆ ಜನ ಗಂಟೆಗಟ್ಟಲೆ ಜಗಳ ಆಡುತ್ತಾರೆ. ನಾನು ಹಾಕಿದ್ದು ಟರ್ಬೊ ಮಫ್ಲರ್. 1960ರ ದಶಕದ ಟರ್ಬೊ ಚಾರ್ಜರ್ ಇದ್ದ ಷೆವ್ರೊಲೆ ಕೊರ್ವೇರ್ ಕಾರಿನಿಂದ ಆ ಹೆಸರು ಬಂತು. ಹೊಗೆ ಒಳಗೆ ಎಸ್ ಆಕಾರದಲ್ಲಿ ಸುತ್ತಿ ಹೊರಗೆ ಬರುತ್ತದೆ. ಹೈವೇಯಲ್ಲಿ 2,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 2,000 ಸುತ್ತು) ವಿ8 ಸೆಕೆಂಡಿಗೆ ಸುಮಾರು 133 ಸಲ ಉರಿಯುತ್ತದೆ. ಆ ತಗ್ಗಿನ ದನಿ ಬರೀ ತಗಡಿನ ಕ್ಯಾಬಿನ್‌ನಲ್ಲಿ ತುಂಬಿಕೊಂಡರೆ ತಲೆ ಹಿಡಿಯುತ್ತದೆ. ನೇರ ಪೈಪಿನಂಥ ಮಫ್ಲರ್ ಹಾಕಿ ಬೀದಿಯನ್ನೆಲ್ಲ ಎಬ್ಬಿಸುವುದು ನನಗೆ ಇಷ್ಟವಿಲ್ಲ. ಪಕ್ಕದ ಮನೆಯಲ್ಲಿ ಹಸುಗೂಸಿದೆ.

ನಿಮ್ಮ ಗಾಡಿ 1975ರ ಮಾಡೆಲ್ ಅಥವಾ ಆಮೇಲಿನದಾದರೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಸಂಭವ ಜಾಸ್ತಿ. ಅದನ್ನು ತೆಗೆಯುವುದು ಇಲ್ಲಿನ ಕೇಂದ್ರ ಕಾನೂನಿಗೆ ವಿರುದ್ಧ. ತೆಗೆಯಬಾರದು ಕೂಡ. ಕನ್ವರ್ಟರ್ ಆದಮೇಲಿನ ಭಾಗವನ್ನಷ್ಟೇ ಕಟ್ಟಿಕೊಳ್ಳಿ.

ಖರ್ಚು ಉಳಿಸಲು ಪೈಪನ್ನು ಕ್ಯಾಬಿನ್ ಹಿಂದೆಯೇ, ಬೆಡ್ (ಸಾಮಾನು ಹೇರುವ ಜಾಗ) ಕೆಳಗೆ ಮುಗಿಸುವವರಿದ್ದಾರೆ. ದಯವಿಟ್ಟು ಬೇಡ. ಹಳೇ ಗಾಡಿಗಳ ನೆಲದಲ್ಲಿ ತುಕ್ಕಿನ ತೂತುಗಳಿರುತ್ತವೆ, ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ. ನಾನು ಎರಡನ್ನೂ ಹಿಂದಿನ ಚಕ್ರ ದಾಟಿಸಿ, ಪಕ್ಕಕ್ಕೆ ತಿರುಗಿಸಿ ಬಿಟ್ಟಿದ್ದೇನೆ. ಎಂಜಿನ್ ಅಲುಗಾಡಿದಾಗ ಪೈಪ್ ಚಾಸಿಗೆ ಬಡಿಯದಂತೆ ಎಲ್ಲ ಕಡೆ ರಬ್ಬರ್ ಹ್ಯಾಂಗರ್. ಎಂಜಿನ್‌ಗೆ ಪೈಪ್ ಸೇರುವ ಕಡೆಯ ಮ್ಯಾನಿಫೋಲ್ಡ್ ಸ್ಟಡ್‌ಗಳಿಗೆ ಹಿತ್ತಾಳೆ ನಟ್, ಮುಂದೆ ಬಿಚ್ಚುವಾಗ ತುಕ್ಕು ಹಿಡಿದು ಕೂತಿರುವುದಿಲ್ಲ. ಕೆಲವು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಆ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿದೆ. ಸ್ವಲ್ಪ ಸಡಿಲವಾಗಿಯೇ ಇದ್ದವು.