ಜೊಲ್ಲಿಗೆ ಅಂಕವಿಲ್ಲ

ರಕ್ತ ಕೊಡುವ ದಿನ ಹತ್ತಿರವಾದರೆ ನನ್ನ ಮಗಳು ಬೆಳಗಿನಿಂದಲೇ ಕೈ ಮಡಚಿಕೊಂಡು ಓಡಾಡುತ್ತಾಳೆ. ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಪತ್ತೆಯಾದ ಮೇಲೆ ಗೋಧಿ, ಬಾರ್ಲಿ, ರೈ ಮೂರನ್ನೂ ಬಿಟ್ಟಿದ್ದಾಳೆ. ಆದರೂ ಈ ಕಾಯಿಲೆಯಲ್ಲಿ ದೇಹ ತನ್ನ ವಿರುದ್ಧವೇ ತಯಾರಿಸುವ ಟಿಟಿಜಿ ಪ್ರತಿಕಾಯಗಳು ಇಳಿಯುತ್ತಿವೆಯೇ ಎಂದು ಆಗಾಗ ನೋಡಬೇಕು. ಅದಕ್ಕೆ ಈಗಲೂ ರಕ್ತಪರೀಕ್ಷೆಯೇ ಗತಿ. ಈ ಸಲ ವೈದ್ಯರು, ‘ಅಧ್ಯಯನವೊಂದಕ್ಕೆ ಸ್ವಲ್ಪ ಜೊಲ್ಲನ್ನೂ ಕೊಡುತ್ತೀರಾ?’ ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಅವಳು ‘ಹೂಂ’ ಎಂದಳು. ಸೂಜಿಯಿಲ್ಲದ ಯಾವುದಕ್ಕೂ ಅವಳು ಸಿದ್ಧ.

ಬೇಡವೆಂದಾಗಲೆಲ್ಲ ಉಗುಳುವ ಹುಡುಗಿ, ಉಗುಳು ಎಂದಾಗ ಬಾಯಿ ಒಣಗಿಸಿಕೊಂಡು ಕುಳಿತಳು. ಪರೀಕ್ಷೆಗೆ ಮುಂಚೆ ಏನನ್ನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ‘ಕ್ಯಾಕರಿಸಬೇಡ ಪುಟ್ಟಾ, ತಲೆ ಬಗ್ಗಿಸಿ ತಾನಾಗಿ ಇಳಿಯಲು ಬಿಡು’ ಎಂದರು ಲ್ಯಾಬಿನವರು. ಕೊಳವೆಯಲ್ಲಿ ಅರ್ಧ ತುಂಬಿದಂತೆ ಕಂಡಾಗ ಅವಳ ಮುಖ ಅರಳಿತು. ಅದರಲ್ಲಿ ಹೆಚ್ಚಿನದು ನೊರೆ. ನೊರೆ ಲೆಕ್ಕಕ್ಕಿಲ್ಲವಂತೆ, ಕೆಳಗೆ ನಿಂತ ನೀರು ಮಾತ್ರ. ನಾನು ನಿಂಬೆಹಣ್ಣು ಹೆಚ್ಚಿ ಉಪ್ಪು ಸವರುವುದನ್ನು ರಸವತ್ತಾಗಿ ವರ್ಣಿಸತೊಡಗಿದೆ. ನೀರೂರಿದ್ದು ನನ್ನ ಬಾಯಲ್ಲಿ! ಅದನ್ನು ನೋಡಿ ನಕ್ಕ ಮೇಲೆಯೇ ಅವಳ ಜೊಲ್ಲು ಇಳಿಯಿತು.

ಇಷ್ಟು ಸಲೀಸಾದ ಜೊಲ್ಲಿನ ಪರೀಕ್ಷೆ ಎಲ್ಲ ಕಡೆ ಏಕಿಲ್ಲ ಎಂದು ವೈದ್ಯರನ್ನು ಕೇಳಿದೆ. ರಕ್ತದಲ್ಲಿರುವ ಅದೇ ಪ್ರತಿಕಾಯ ಜೊಲ್ಲಿನಲ್ಲಿ ತೀರಾ ಕಡಿಮೆ ಇರುತ್ತದೆ. ಇಟಲಿಯಲ್ಲಿ ಸುಮಾರು 5000 ಶಾಲಾಮಕ್ಕಳ ಜೊಲ್ಲನ್ನು ಪರೀಕ್ಷಿಸಿದಾಗ ವಿಕಿರಣಶೀಲ ಗುರುತು ಬಳಸುವ ಸೂಕ್ಷ್ಮ ವಿಧಾನ ಬೇಕಾಯಿತು. ಅಂಥ ವ್ಯವಸ್ಥೆ ಎಲ್ಲ ಲ್ಯಾಬುಗಳಲ್ಲಿ ಇರುವುದಿಲ್ಲ.

ಹಾಗಿದ್ದೂ ನನಗೆ ಆಸೆ ಹುಟ್ಟಿತ್ತು. ಮನೆಯಲ್ಲೇ ವಾರಕ್ಕೊಮ್ಮೆ ಕೊಳವೆ ಹಿಡಿದರೆ, ಗೆಳತಿಯ ಹುಟ್ಟುಹಬ್ಬದಲ್ಲಿ ಕೇಕಿನ ಚೂರೇನಾದರೂ ಹೊಟ್ಟೆಗೆ ಹೋಗಿದೆಯೇ ಎಂದು ತಿಳಿಯಬಹುದಲ್ಲ? ವೈದ್ಯರು ತಲೆಯಾಡಿಸಿದರು. ಪ್ರತಿಕಾಯಗಳು ಇಳಿಯಲು ತಿಂಗಳುಗಳು ಬೇಕು, ಕೆಲವರಲ್ಲಿ ವರ್ಷ ದಾಟುತ್ತದೆ. ಒಂದು ಚೂರು ಕೇಕು ಅದರಲ್ಲಿ ಕಾಣಿಸಲೇಬೇಕೆಂದಿಲ್ಲ. ಸಂಖ್ಯೆ ಸಹಜಕ್ಕೆ ಬಂದ ಮಾತ್ರಕ್ಕೆ ಕರುಳು ಪೂರ್ತಿ ವಾಸಿಯಾಗಿದೆ ಎಂದೂ ಹೇಳಲಾಗದು. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ವಾರವಾರ ಮಗುವಿನ ಬಾಯಿಗೆ ಕೊಳವೆ ಹಿಡಿಯುವ ತಾಯಿ, ಪತ್ತೇದಾರಳಾಗಲು ಎಷ್ಟು ಹೊತ್ತು? ಏನು ತಿಂದೆ ಎಂದು ಅವಳನ್ನೇ ಕೇಳುವುದು ಮೇಲು. ಬೈಗುಳ ಬೀಳದೆಂಬ ಧೈರ್ಯವಿದ್ದರೆ ಹೇಳುತ್ತಾಳೆ.

ರಕ್ತದ ವರದಿ ಬಂತು. ಮಟ್ಟ ಚೆನ್ನಾಗಿ ಇಳಿದಿದೆ, ಇನ್ನೂ ಸಹಜಕ್ಕೆ ತಲುಪಿಲ್ಲ. ಜೊಲ್ಲಿನ ಫಲಿತಾಂಶ ನಮಗೆ ಸಿಗುವುದಿಲ್ಲ, ಅದು ಅಧ್ಯಯನದ ಕಡತಕ್ಕೆ. ಮಗಳಿಗೆ ಇದು ಘೋರ ಅನ್ಯಾಯವಾಗಿ ಕಂಡಿತು.

‘ಅಮ್ಮಾ, ರಕ್ತ ಅವರೇ ತೆಗೆದುಕೊಂಡರು. ಜೊಲ್ಲು ನಾನು ಕಷ್ಟಪಟ್ಟು ಕೊಟ್ಟದ್ದು. ಅದಕ್ಕೆ ಅಂಕವೇ ಇಲ್ಲವೇ?’