ಅಕ್ಷರ ಹಾಡಿದ ಸಂಜೆ

“ಬಾ ಮಾರಾಯ್ತಿ, ಒಂದು ಗಂಟೆ ಅಷ್ಟೆ. ಚಪ್ಪಾಳೆ ಮಾತ್ರ ಹೊಡೀಬೇಡ,” ಅಂದಳು ಗೆಳತಿ. ಮಂಗಳೂರಿನವಳು, ಪ್ಯಾರಿಸ್ಸಿನಲ್ಲಿ ನೆಲೆಸಿ ಬಹಳ ವರ್ಷವಾಯಿತು. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಅಂತ ವ್ರತ ಹಿಡಿದು ಕಾಫಿ ಬಿಟ್ಟಿದ್ದಳು. ನಲವತ್ತು ದಿನ ಮುಗಿಯುತ್ತ ಬಂದಿದ್ದರೂ ಮುಖ ಇನ್ನೂ ಸಪ್ಪಗಿತ್ತು. ನಾನು ಆಫೀಸಿನ ಕೆಲಸದ ಮೇಲೆ ಮೂರು ವಾರಕ್ಕೆ ಹೋಗಿದ್ದೆ. ಅವತ್ತು ಈಸ್ಟರಿಗೆ ಮುಂಚಿನ ಬುಧವಾರ.

ಚಿಕ್ಕ ಕ್ಯಾಥೋಲಿಕ್ ಚರ್ಚು. ಒಳಗೆ ಹೂವಿಲ್ಲ, ಶಿಲುಬೆಗೆ ನೇರಳೆ ಬಟ್ಟೆ ಮುಚ್ಚಿದ್ದರು. ಕೂರಲು ಹುಲ್ಲಿನ ಹೆಣಿಗೆಯ ಹಳೇ ಕುರ್ಚಿ. ನಾನು ಉಸಿರಾಡಿದರೂ ಅದು ಕಿರ್ ಅನ್ನುತ್ತಿತ್ತು. ಮುಂದೆ ತ್ರಿಕೋನದ ಸ್ಟ್ಯಾಂಡಿನಲ್ಲಿ 15 ಮೇಣದ ಬತ್ತಿ.

ಹಾಡಲಿದ್ದದ್ದು ಫ್ರೆಂಚ್ ಸಂಗೀತ ರಚನೆಕಾರ ಫ್ರಾನ್ಸ್ವಾ ಕೂಪರಾಂ 1714ರ ಸುಮಾರಿಗೆ ಅಚ್ಚು ಹಾಕಿಸಿದ ‘ಲೆಸೋಂ ದ ತೆನೆಬ್ರ’, ಅಂದರೆ ಕತ್ತಲ ಪಾಠಗಳು. ಗುರುವಾರ ನಸುಕಿನ ಪ್ರಾರ್ಥನೆಯನ್ನು ಹಿಂದಿನ ಸಂಜೆಗೇ ಎಳೆದುಕೊಂಡಿದ್ದರಿಂದ ಬುಧವಾರಕ್ಕೆ ಬಂತು. ಆ ಕಾಲದಲ್ಲಿ ಈ ವಾರ ಆಪೆರಾ ಬಂದ್. ಹಾಗಾಗಿ ಪ್ಯಾರಿಸ್ಸಿನ ಶೋಕಿ ಜನ ಕನ್ಯಾಸ್ತ್ರೀಯರ ಮಠಗಳಿಗೆ ಹೋಗಿ ಇಂಥ ಸಂಗೀತ ಕೇಳುತ್ತಿದ್ದರಂತೆ. ಭಕ್ತಿ ಎಷ್ಟೋ, ಗಾಯಕಿಯರ ಗುಂಗು ಎಷ್ಟೋ!

ಇಬ್ಬರು ಗಾಯಕಿಯರು, ಒಂದು ಪುಟ್ಟ ಆರ್ಗನ್, ಒಂದು ಗಾಂಬಾ. ಗಾಂಬಾ ಅಂದರೆ ಕಾಲ ಮಧ್ಯೆ ಇಟ್ಟುಕೊಂಡು ನುಡಿಸುವ ಏಳು ತಂತಿಯ ವಾದ್ಯ. ನಮ್ಮ ವೀಣೆಯ ಹಾಗೆ ಇದಕ್ಕೂ ಮೆಟ್ಟಿಲುಂಟು, ಆದರೆ ಅವು ಕರುಳಿನ ದಾರ ಸುತ್ತಿ ಕಟ್ಟಿದವು. ಚಳಿಗೆ ತಂತಿ ಜಾರುತ್ತಲೇ ಇತ್ತು. ಅದನ್ನು ನುಡಿಸುವಾಕೆ ಕಿವಿ ಹತ್ತಿರ ಇಟ್ಟು ತಿರುಪುತ್ತಲೇ ಇದ್ದಳು. ಯಾರೂ ಗಡಿಬಿಡಿ ಮಾಡಲಿಲ್ಲ. ನಮ್ಮ ಕಚೇರಿಯಲ್ಲಿ ತಂಬೂರಿ ಸೇರಿಸೋವಾಗ ಕಾಯುತ್ತೇವಲ್ಲ, ಥೇಟ್ ಹಾಗೇ.

ಹಾಡಿನ ಮಾತು ಬೈಬಲಿನ ಪ್ರವಾದಿ ಯೆರೆಮೀಯನ ಪ್ರಲಾಪಗಳು. ಹಾಳಾದ ಜೆರುಸಲೇಮಿಗೆ ಅಳುವ ಹಾಡು. ಜನರಿಂದ ತುಂಬಿದ್ದ ಊರು ಈಗ ವಿಧವೆಯಂತೆ ಒಂಟಿಯಾಗಿ ಕೂತಿದೆ ಅನ್ನುತ್ತಾನೆ. ಮಾತೆಲ್ಲ ಲ್ಯಾಟಿನ್. ಆದರೆ ಒಂದೊಂದು ಪದ್ಯದ ಮೊದಲು ಒಂದು ಹೀಬ್ರೂ ಅಕ್ಷರ ಬರುತ್ತದೆ: ಆಲೆಫ್, ಬೆತ್, ಗೀಮೆಲ್. ಹೀಬ್ರೂವಿನ 22 ಅಕ್ಷರಗಳ ಕ್ರಮದಲ್ಲೇ ಪದ್ಯ ಕಟ್ಟಿದ್ದರಂತೆ. ಅನುವಾದದಲ್ಲಿ ಆ ಕ್ರಮ ಹೋಯಿತು, ಅಕ್ಷರದ ಹೆಸರು ಮಾತ್ರ ಉಳಿಯಿತು. ಒಂಥರಾ ಪದ್ಯದ ನಂಬರು.

ಕೂಪರಾಂ ಆ ನಂಬರಿಗೇ ಜಾಸ್ತಿ ಸಂಗೀತ ಕೊಟ್ಟುಬಿಟ್ಟಿದ್ದಾನೆ! ಪದ್ಯಕ್ಕೆ ಬಂದರೆ ಹೆಚ್ಚುಕಡಿಮೆ ಮಾತಾಡಿದ ಹಾಗೆ ಹಾಡುತ್ತಾರೆ. ಅಕ್ಷರ ಬಂದರೆ ಸಾಕು, ‘ಆ’ ಅಂತ ಎಳೆದು, ಏರಿ, ಗಮಕದ ಹಾಗೆ ನಡುಗಿಸಿ, ಇಳಿದು, ಕೊನೆಗೆ ಯಾವಾಗಲೋ ‘ಲೆಫ್’. ಅರ್ಥವಿದ್ದಲ್ಲಿ ಜಿಪುಣತನ, ಅರ್ಥವಿಲ್ಲದಲ್ಲಿ ಧಾರಾಳ. ಅಮ್ಮನ ಆಲಾಪನೆ ನೆನಪಾಯಿತು. ಕೃತಿಗಿಂತ ಆಲಾಪನೆಯಲ್ಲೇ ಅವಳಿಗೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಮೂರನೇ ಪಾಠಕ್ಕೆ ಇಬ್ಬರೂ ಸೇರಿದರು. ‘ಯೋದ್’ ಅನ್ನುವ ಅಕ್ಷರದಲ್ಲಿ ಒಬ್ಬಳ ಸ್ವರ ಇನ್ನೊಬ್ಬಳದಕ್ಕೆ ಉಜ್ಜಿ, ನೋಯಿಸಿ, ಮೆಲ್ಲಗೆ ಸರಿಯಿತು. ನನ್ನ ಕುರ್ಚಿಯೂ ಸುಮ್ಮನಾಗಿತ್ತು.

ಈ ಮಧ್ಯೆ ಒಬ್ಬ ಹುಡುಗ ಉದ್ದ ಕೋಲಿನ ತುದಿಯ ಗಂಟೆಯಂಥ ಮುಚ್ಚಳದಿಂದ ಬತ್ತಿಗಳನ್ನು ಒಂದೊಂದೇ ಆರಿಸುತ್ತಿದ್ದ. ಹೊಗೆಯ ವಾಸನೆ ಮೂಗಿಗೆ ಬಡಿದಾಗ ಸ್ವಲ್ಪ ಕಸಿವಿಸಿಯಾಯಿತು. ಅಜ್ಜಿ ‘ದೀಪ ಆರಿಸು’ ಅಂತ ಬಾಯಿತಪ್ಪಿಯೂ ಹೇಳುತ್ತಿರಲಿಲ್ಲ, ‘ಶಾಂತ ಮಾಡು’ ಅನ್ನಬೇಕು. ಇಲ್ಲಿ ನೋಡಿದರೆ ಅದೇ ಪೂಜೆ!

ಕೊನೆಯ ಬತ್ತಿಯನ್ನು ಮಾತ್ರ ಆರಿಸದೆ ಪೀಠದ ಹಿಂದೆ ಒಯ್ದರು. ಕತ್ತಲು. ಇದ್ದಕ್ಕಿದ್ದಂತೆ ಸುತ್ತಲಿನವರೆಲ್ಲ ಪುಸ್ತಕದಿಂದ ಕುರ್ಚಿಗೆ ದಬದಬ ಬಡಿದರು. ನಾನು ಗೆಳತಿಯ ತೋಳು ಹಿಡಿದುಕೊಂಡೆ. “ಹೆದರಬೇಡ, ಯೇಸು ಸತ್ತಾಗ ಭೂಮಿ ನಡುಗಿತಲ್ಲ, ಅದು,” ಅಂತ ಪಿಸುಗುಟ್ಟಿದಳು. ಮೊದಲೇ ಹೇಳಬಾರದಿತ್ತಾ? ಬತ್ತಿ ವಾಪಸ್ ಬಂತು. ಜನ ಒಂದು ಮಾತೂ ಆಡದೆ ಹೊರಟರು.

ರಸ್ತೆಯಲ್ಲಿ ‘ಆ’ ಅಂತ ಎಳೆದು ನೋಡಿದೆ. ‘ಲೆಫ್’ ತಲುಪುವ ಮೊದಲೇ ಉಸಿರು ಮುಗಿಯಿತು. ಗೆಳತಿ ನಗಲೂ ಇಲ್ಲ. ಮೂಲೆಯ ಹೋಟೆಲಿನಿಂದ ಕಾಫಿಯ ವಾಸನೆ ಬರುತ್ತಿತ್ತು. ಒಂದು ಕ್ಷಣ ನಿಂತಳು, ಆಮೇಲೆ ಬಿರಬಿರನೆ ದಾಟಿ ಹೋದಳು.

“ಭಾನುವಾರ ಎರಡು ಕಪ್ ಕುಡೀತೇನೆ, ನೋಡು.”